ಮಂಜಿನಲ್ಲಿ ಮಾವನವರ ಹೆಸರು

ಕೆಲವರ ಮನೆಯಲ್ಲಿ ದುಡ್ಡಿರುತ್ತದೆ, ಕೆಲವರ ಮನೆಯಲ್ಲಿ ಸಂಗೀತ ಇರುತ್ತದೆ. ನಾನು ಸೊಸೆಯಾಗಿ ಹೋದ ಅರಸೀಕೆರೆಯ ಮನೆಯಲ್ಲಿ ಇದ್ದದ್ದು ಹೆದರಿಕೆ. ಹೆದರಿಕೆ ಇದ್ದ ಮನೆಯಲ್ಲಿ ವಾರಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ ನೋಡಿ. ಎಲ್ಲವನ್ನೂ ಹೇಳುತ್ತಾ ಕೂತರೆ ಒಲೆ ಮೇಲಿನ ಸಾರು ಸೀದುಹೋಗುತ್ತೆ. ಒಂದೇ ಒಂದು ದಿನದ್ದು ಹೇಳುತ್ತೇನೆ.

ಮಾವನವರು ಕೊಬ್ಬರಿ ವ್ಯಾಪಾರಿ. ಸಂತೆಯಲ್ಲಿ ನಿಂತು ಗಂಟಲು ತೆಗೆದರೆ ರೈಲ್ವೆ ಸ್ಟೇಷನ್ನಿಗೆ ಕೇಳಿಸುತ್ತಿತ್ತು. ಅಂಥವರಿಗೆ ಊರಾಚೆ ಹೋಗುವ ಮಾತು ಬಂದರೆ ಅಂಗೈ ಬೆವರುತ್ತಿತ್ತು. ಹಲ್ಲಿ ಲೊಚಗುಟ್ಟಿದರೆ ಹೊರಟವರು ಕೂತುಬಿಡುತ್ತಿದ್ದರು. ಬೆಕ್ಕು ಅಡ್ಡ ಬಂದರೆ ಮಲಗಿಯೇ ಬಿಡುತ್ತಿದ್ದರು. ಬೀದಿ ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ದಪ್ಪಗೆ "ನಾಳೆ ಬಾ" ಅಂತ ತಾವೇ ಬರೆದಿದ್ದರು. ಅದು ಪ್ಲೇಗಿನ ಕಾಲದಿಂದ ಬಂದ ನಂಬಿಕೆ. ಮಾರಿಯೋ ಮೋಹಿನಿಯೋ ಬಂದು, ನಮ್ಮ ಗುರುತಿನವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳಂತೆ. "ಓ" ಅಂದರೆ ಮುಗಿಯಿತು. "ನಾಳೆ ಬಾ" ಅಂದರೆ ಹೋಗುತ್ತಾಳಂತೆ. ಮಾರನೇ ದಿನ ಬಂದರೂ ಅದೇ ಉತ್ತರ. "ಮಾರಿಗೆ ಓದೋಕೆ ಬರುತ್ತಾ ಅತ್ತೆ?" ಅಂತ ಮದುವೆಯಾದ ಹೊಸದರಲ್ಲಿ ಕೇಳಿ, ತೋಳು ಕೆಂಪಗಾಗುವ ಹಾಗೆ ಚಿವುಟಿಸಿಕೊಂಡಿದ್ದೆ.

ಅತ್ತೆಗೆ ಬೇರೆ ಯಾವ ಹೆದರಿಕೆಯೂ ಇರಲಿಲ್ಲ, ಕತ್ತಿಯದ್ದು ಒಂದು ಬಿಟ್ಟು. ಅವರ ಕಣ್ಣಿಗೆ ಪೊರೆ ಬಂದಿತ್ತು. ಈ ಚಳಿಗಾಲದಲ್ಲೇ ಕೊಯ್ದು ತೆಗೆಯಬೇಕು, ತಡ ಮಾಡಿದರೆ ಇರುವ ಬೆಳಕೂ ಹೋಗುತ್ತೆ ಅಂತ ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ ಖಂಡಿತ ಆಗೋದಿಲ್ಲ ಅಂದರು. ಮಾವನವರು ಬೇಡಿಕೊಂಡರು, ರೇಗಿದರು, ಒಂದು ದಿನ ಅಡಿಗೆಮನೆ ಬಾಗಿಲಲ್ಲಿ ಕೂತು ಅತ್ತೂಬಿಟ್ಟರು. ಕೊನೆಗೆ ಅತ್ತೆ ಒಂದು ಮಾತು ಹೇಳಿದರು.

"ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು. ಎಲ್ಲೆಲ್ಲಿಂದಲೋ ಜನ ಬಂದು ಹಳೇಬೀಡು, ಬೇಲೂರು ನೋಡ್ಕೊಂಡು ಹೋಗ್ತಾರೆ. ಇಲ್ಲೇ ಇದ್ದು ನಾನು ನೋಡಿಲ್ಲ. ಎರಡೂ ತೋರಿಸಿ. ಆಮೇಲೆ ನಿಮ್ಮ ಡಾಕ್ಟರು ಏನು ಬೇಕಾದ್ರೂ ಕೊಯ್ಕೊಳ್ಳಲಿ."

ಊರು ಬಿಡುವ ಹೆದರಿಕೆಗಿಂತ ಹೆಂಡತಿ ಕಣ್ಣು ಹೋಗುವ ಹೆದರಿಕೆ ದೊಡ್ಡದಾಯಿತು. ಮಾವನವರು ಹೂಂ ಅಂದರು. ಕಾರ್ತೀಕದ ಕಡೇ ಸೋಮವಾರ ಗೊತ್ತಾಯಿತು. ಮಾವ, ಅತ್ತೆ, ನಮ್ಮ ಮನೆಯವರು, ನಾನು, ಜೊತೆಗೆ ಒಂದು ಬಾಡಿಗೆ ಮೋಟಾರು.

ಬೆಂಕಿ ಮೋಟಾರು

ಆಗ ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರಿನ ಹಿಂದುಗಡೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಡ್ರೈವರು ನಸುಕಿನಲ್ಲೇ ಬಂದು ಮನೆ ಮುಂದೆ ನಿಂತು, ಪೀಪಾಯಿಯ ಪಕ್ಕದ ಹಿಡಿ ತಿರುಗಿಸಿ ಗಾಳಿ ಹಾಕತೊಡಗಿದ. ಘರಕ್, ಘರಕ್, ಘರಕ್. ಮರ ಕೊಯ್ಯುವ ಗರಗಸದ ಸದ್ದು. ಬೀದಿಯವರೆಲ್ಲ ಕಂಬಳಿ ಹೊದ್ದುಕೊಂಡು ಜಗಲಿಗೆ ಬಂದರು.

ಮಾವನವರು ಪಂಚೆ ಎತ್ತಿ ಕಟ್ಟಿ, ಕೋಟು ಹಾಕಿ, ತಲೆಗೆ ಮಫ್ಲರು ಸುತ್ತಿ, ಕೊಡೆ ಹಿಡಿದು ಹೊರಗೆ ಬಂದರು. ಪೀಪಾಯಿಯ ಸಂದಿನಲ್ಲಿ ಕೆಂಪಗೆ ಕಂಡಿತು.

"ಏನಯ್ಯಾ ಇದು, ಬೆಂಕಿ!"

"ಹೂಂ ಯಜಮಾನ್ರೇ. ಬೆಂಕಿ ಇದ್ರೇನೇ ಗಾಡಿ."

"ಹೊತ್ಕೊಂಡು ಬಿಟ್ರೆ?"

"ಹೊತ್ಕಂಡೇ ಐತಲ್ಲ!"

ಮಾವನವರು ಸರ್ರನೆ ಒಳಗೆ ಹೋದರು. ಮನಸ್ಸು ಬದಲಾಯಿಸಿದರೇನೋ, ನಾನು ಗಂಟು ಬಿಚ್ಚಬೇಕೋ ಬೇಡವೋ ಅಂತ ನಿಂತೆ. ಬುತ್ತಿಗಂಟಿನಲ್ಲಿ ಚಪಾತಿ, ಮೊಸರನ್ನ, ಹುಚ್ಚೆಳ್ಳು ಚಟ್ನಿಪುಡಿ. ಅಷ್ಟರಲ್ಲಿ ಬಚ್ಚಲಿನ ತಾಮ್ರದ ಕೊಡ ತುಂಬ ನೀರು ಹೊತ್ತುಕೊಂಡು ಬಂದರು. ಹಿಂದಿನ ಸೀಟಿನಲ್ಲಿ, ಬೆಂಕಿಗೆ ಬೆನ್ನು ಮಾಡಿ ಕೂತು, ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅತ್ತೆಯನ್ನು ಬೆಂಕಿಯಿಂದ ದೂರ, ಡ್ರೈವರಿನ ಪಕ್ಕದ ಸೀಟಿಗೆ ಕಳಿಸಿದರು.

ರಸ್ತೆ ನಿಮಗೆ ಗೊತ್ತಲ್ಲ. ಒಂದೊಂದು ಹಳ್ಳಕ್ಕೂ ಕೊಡ ತುಳುಕಿ ಅವರ ಮಡಿಲಿಗೆ ಸುರಿಯುತ್ತಿತ್ತು. ಕಾರ್ತೀಕದ ಚಳಿ, ಮೈಯೆಲ್ಲ ಒದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. "ಅಪ್ಪಾ, ಕೊಡ ಕೆಳಗಿಡಿ" ಅಂತ ನಮ್ಮವರು ಅಂದರೆ, "ಕೆಳಗಿಟ್ಟು ಎತ್ತೋವಷ್ಟರಲ್ಲಿ ನಾಲ್ಕು ಹೆಣ ಬಿದ್ದಿರುತ್ವೆ, ಸುಮ್ನಿರು" ಅಂದರು. ಹೆಣ ಅಂದಿದ್ದು ಕೇಳಿ ನನಗೂ ಹೆದರಿಕೆ ಹತ್ತಿತು. ಹಾರನಹಳ್ಳಿ ಬರುವವರೆಗೆ ನಾನೂ ಹಿಂದೆ ತಿರುಗಿ ತಿರುಗಿ ಬೆಂಕಿ ನೋಡುತ್ತಲೇ ಇದ್ದೆ.

ಹಾರನಹಳ್ಳಿ ದಾಟಿ ಏರು ಬಂತು. ಮೋಟಾರು ಬುಸುಗುಟ್ಟಿ, ಮುಂದಿನಿಂದ ಆವಿ ಬಿಟ್ಟು ನಿಂತೇಬಿಟ್ಟಿತು. ಡ್ರೈವರು ಮುಚ್ಚಳ ತೆಗೆದು, "ಎಂಜಿನ್ ಕಾದೋಗೈತೆ. ನೀರು ಬೇಕು" ಅಂದ. ಸುತ್ತ ನೋಡಿದರೆ ಹುರುಳಿ ಹೊಲ, ಒಂದು ಬಾವಿ ಇಲ್ಲ. ಅವನ ಕಣ್ಣು ಮಾವನವರ ತೊಡೆಯ ಮೇಲಿನ ಕೊಡದ ಮೇಲೆ ಬಿತ್ತು.

"ಯಜಮಾನ್ರೇ, ಆ ನೀರು ಕೊಡಿ."

ಮಾವನವರು ಕೊಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಇದು ಬೆಂಕಿ ಬಿದ್ರೆ ಹಾಕೋಕೆ ತಂದಿರೋದು. ಮೊದಲು ಬೆಂಕಿ ಬೀಳಲಿ, ಆಮೇಲೆ ಕೇಳು!"

ಬಾಗಿಲು ಹಾಕಿದ ಊರು

ಕೊನೆಗೆ ಅತ್ತೆ ಹಿಂದೆ ತಿರುಗಿ ಕಣ್ಣು ಬಿಟ್ಟರು. ಪೊರೆ ಬಂದ ಕಣ್ಣಾದರೂ ಆ ನೋಟಕ್ಕೆ ಮಾವನವರು ನೀರು ಕೊಟ್ಟರು. ಜಾವಗಲ್ ದಾಟಿ, ಗುಡ್ಡದ ಮಗ್ಗುಲಲ್ಲಿ ಒಂದು ಹಳ್ಳಿ ಸಿಕ್ಕಿತು. ಹೆಸರು ಬೇಡ, ಆ ಊರಿನವರು ನಮಗೆ ಆಮೇಲೆ ಬೀಗರಾದರು. ಅಲ್ಲೂ ಒಂದು ಹಳೇ ಕಾಲದ ಗುಡಿ ಇದೆ, ಕಂಬಗಳು ಚೆನ್ನಾಗಿವೆ ಅಂತ ಡ್ರೈವರು ಹೇಳಿದ. ಅತ್ತೆ ನೋಡಬೇಕು ಅಂದರು.

ಊರೊಳಗೆ ಹೋದರೆ ನರಪಿಳ್ಳೆ ಇಲ್ಲ. ಎಲ್ಲ ಬಾಗಿಲೂ ಹಾಕಿದೆ. ಬೀದಿಯಲ್ಲಿ ಒಂದು ಒನಕೆ ಬಿದ್ದಿದೆ, ಪಕ್ಕದಲ್ಲಿ ಅರ್ಧ ಕುಟ್ಟಿದ ರಾಗಿ. ಒಂದು ಕರು ಮಾತ್ರ ನಮ್ಮನ್ನು ನೋಡಿ ಅಂಬಾ ಅಂತು.

ಮಾವನವರ ಮುಖ ಬಿಳಚಿಕೊಂಡಿತು. "ಯಾರೂ ಇಳೀಬೇಡಿ! ಪ್ಲೇಗು! ಊರು ಖಾಲಿ ಮಾಡಿದಾರೆ. ಇಲಿ ಬಿದ್ದಿದೆಯಾ ನೋಡೋ ಮಗಾ, ಇಲ್ಲಿಂದಲೇ ನೋಡು, ಇಳೀಬೇಡ!"

ಪ್ಲೇಗು ಅಂದ ಕೂಡಲೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನಮ್ಮ ತವರಿನಲ್ಲಿ ಆ ಕಾಯಿಲೆ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದದ್ದು ನನಗೆ ನೆನಪಿತ್ತು. ಮೋಟಾರು ತಿರುಗಿಸು ಅಂತ ಮಾವನವರು ಡ್ರೈವರಿನ ಹೆಗಲು ಗುದ್ದುತ್ತಿದ್ದರು. ಅತ್ತೆ ಮಾತ್ರ ಮೂಗು ಎತ್ತಿ ಮೂಸಿದರು.

"ಒಗ್ಗರಣೆ ವಾಸನೆ ಬರ್ತಿದೆ. ಊರು ಬಿಟ್ಟವರು ಒಗ್ಗರಣೆ ಹಾಕ್ತಾರಾ?"

ಆಗ ಕಂಡಳು ಒಬ್ಬ ಅಜ್ಜಿ. ಓಡಲಾಗದೆ ಜಗಲಿಯ ಮೂಲೆಯಲ್ಲಿ ಕಂಬಳಿ ಮುಸುಕು ಹಾಕಿ ಕೂತಿದ್ದಳು. ನಮ್ಮವರು ಇಳಿದು ಹತ್ತಿರ ಹೋದದ್ದೇ ತಡ, ಮುಸುಕು ಕಿತ್ತು, ಎರಡೂ ತೋಳು ಮುಂದೆ ಚಾಚಿ ಕಿರುಚಿಕೊಂಡಳು.

"ನಂದು ಆಗೋಯ್ತು ಕಣಪ್ಪಾ! ಹೋದ್ ಸಲದ್ದೂ ಹಾಕುಸ್ಕಂಡಿವ್ನಿ, ಈ ಸಲದ್ದೂ ಹಾಕುಸ್ಕಂಡಿವ್ನಿ!"

"ಏನು ಹಾಕಿಸ್ಕೊಂಡಿದೀಯ ಅಜ್ಜಿ?"

"ಸೂಜಿ! ನೀವು ಪಿಳೇಗಿನ ಸೂಜಿ ಹಾಕೋರಲ್ವಾ?"

ಆಗ ಪ್ಲೇಗಿನ ಇಂಜಕ್ಷನ್ ಹಾಕುವವರು ಮೋಟಾರಿನಲ್ಲೇ ಬರುತ್ತಿದ್ದರು. ಕೋಟು ತೊಟ್ಟವರು ಮೋಟಾರಿನಿಂದ ಇಳಿದರೆ ಹಳ್ಳಿಯವರಿಗೆ ಬೇರೆ ಅರ್ಥವೇ ಇರಲಿಲ್ಲ. ನಮಗೆ ಅವರ ಪ್ಲೇಗಿನ ಹೆದರಿಕೆ, ಅವರಿಗೆ ನಮ್ಮ ಸೂಜಿಯ ಹೆದರಿಕೆ. ನಾವು ಅರಸೀಕೆರೆಯ ಕೊಬ್ಬರಿಯವರು, ಗುಡಿ ನೋಡೋಕೆ ಬಂದಿದೀವಿ ಅಂತ ನಮ್ಮವರು ಬಿಡಿಸಿ ಹೇಳಿದ ಮೇಲೆ ಒಂದೊಂದೇ ಬಾಗಿಲು ತೆರೆಯಿತು. ಗುಡಿಯ ಬೀಗದ ಕೈ ಇದ್ದ ಪೂಜಾರಿ ಮಾತ್ರ ಅಷ್ಟು ಹೊತ್ತಿಗೆ ಗುಡ್ಡ ದಾಟಿಬಿಟ್ಟಿದ್ದ. ಅತ್ತೆ ಬಾಗಿಲ ಸಂದಿನಲ್ಲಿ ಇಣುಕಿ, "ಬರೀ ಕತ್ತಲೆ. ಅದನ್ನ ಮನೇಲೇ ನೋಡಬಹುದಿತ್ತು" ಅಂದರು.

"ಅಲ್ಲ ಅಜ್ಜಿ, ಒಂದು ಸೂಜಿಗೆ ಊರಿಗೆ ಊರೇ ಓಡೋದಾ?" ಅಂತ ಮಾವನವರು, ಈಗ ಧೈರ್ಯವಾಗಿ ಕೆಳಗಿಳಿದು, ನಕ್ಕರು.

ಅಜ್ಜಿ ಮೋಟಾರಿನ ಹಿಂದಿನ ಪೀಪಾಯಿ ಕಡೆ ಕೈ ತೋರಿಸಿದಳು. "ಅದು ಸೂಜಿ ಕಾಯಿಸೋ ಒಲೆ ಅಂದ್ಕಂಡ್ವಿ ಕಣಪ್ಪಾ. ಒಲೆ ಆಪಾಟಿ ಐತೆ ಅಂದ್ರೆ, ಸೂಜಿ ಎಷ್ಟುದ್ದ ಇರ್ಬೇಕು ನೀನೇ ಹೇಳು!"

ಕೊಡೆಯ ಕೆಳಗೆ ಹಳೇಬೀಡು

ಹಳೇಬೀಡು ಮುಟ್ಟುವಾಗ ನೆತ್ತಿಗೆ ಬರಬೇಕಾದ ಸೂರ್ಯನೇ ಇರಲಿಲ್ಲ. ಮೋಡ ಕವಿದು, ಕೆರೆಯ ಮೇಲಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ದೇವಸ್ಥಾನದ ಅಂಗಳದಲ್ಲಿ ನಮ್ಮನ್ನು ಬಿಟ್ಟರೆ ಎರಡು ಆಡು.

ಮಾವನವರಿಗೆ ಹೊಸ ಹೆದರಿಕೆ. ಇಷ್ಟು ಹಳೇ ಕಟ್ಟಡ, ಇಷ್ಟು ದಪ್ಪ ಕಲ್ಲು, ಇಷ್ಟು ವರ್ಷ ಬೀಳದೆ ನಿಂತಿದೆ ಅಂದ ಮೇಲೆ ಇವತ್ತು ಬೀಳುವ ಸರದಿ ಇರಬಹುದು ಅಂತ. ಒಳಗೆ ಕಾಲಿಟ್ಟವರೇ ಕೊಡೆ ಬಿಚ್ಚಿದರು.

"ಅಪ್ಪಾ, ಒಳಗೆ ಯಾಕೆ ಕೊಡೆ? ಕಲ್ಲು ಬಿದ್ರೆ ಈ ಬಟ್ಟೆ ತಡೆಯುತ್ತಾ?"

"ತಡೆಯೋಕಲ್ಲಪ್ಪ. ಮೊದಲು ಕೊಡೆ ಮೇಲೆ ಬೀಳುತ್ತಲ್ಲ, ಆ ಸದ್ದಿಗೆ ಪಕ್ಕಕ್ಕೆ ಸರೀಬಹುದು!"

ಅತ್ತೆ ಅವರ ಗೊಡವೆಗೆ ಹೋಗಲಿಲ್ಲ. ನನ್ನ ಕೈ ಹಿಡಿದು ಹೊರಗೋಡೆಯ ಪಕ್ಕ ನಡೆದರು. ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರ ನಿಂತು ನೋಡಿದರು. ಕಾಣದ್ದನ್ನು ಬೆರಳಿನಲ್ಲಿ ನೋಡಿದರು. "ಇದು ಆನೆ. ಇದೂ ಆನೆ. ಇಷ್ಟೊಂದು ಆನೆ ಯಾರು ಸಾಕಿದ್ರೇ? ಮೇಲೆ ಇದು ಸಿಂಹ. ಅಯ್ಯೋ, ಇವಳ ಕೊರಳ ಸರ ನೋಡೇ, ಒಂದೊಂದು ಮಣೀನೂ ಸಿಗುತ್ತೆ ಕೈಗೆ!" ಅಂತ ಮಗುವಿನ ಹಾಗೆ ಖುಷಿಪಟ್ಟರು. ನನಗೂ ಖುಷಿಯಾಯಿತು. ಹಾಗೇ ಒಂದು ಮೂಲೆಗೆ ಬಂದಾಗ ಕಲ್ಲಿನಿಂದ ಕೈ ತೆಗೆದು ನಿಂತುಬಿಟ್ಟರು.

"ನನ್ನಾಣೆ, ಯಾರಿಗೂ ಹೇಳಬೇಡ. ಕತ್ತಿ ಅಂದ್ರೆ ನನಗೆ ಜೀವ ಹೋಗುತ್ತೆ ಕಣೇ. ಕಣ್ಣು ತೆರೆದಿರೋ ಹಾಗೇ ಕೊಯ್ತಾರಂತೆ. ನಾನು ಆಪರೇಷನ್ ಮಾಡಿಸ್ಕೊಳ್ಳಲ್ಲ."

"ಮಾವನವರಿಗೆ ಮಾತು ಕೊಟ್ಟಿದೀರಲ್ಲ ಅತ್ತೆ?"

"ಎರಡೂ ತೋರಿಸಿದ್ರೆ ಅಂತ ತಾನೇ ಮಾತು? ಹೊತ್ತು ಮುಳುಗೋವರೆಗೆ ಇಲ್ಲೇ ಸುತ್ತಿದ್ರೆ ಬೇಲೂರು ತಪ್ಪಿಹೋಗುತ್ತೆ. ಇನ್ನೊಂದ್ಸಲ ಈ ಮನುಷ್ಯ ಊರು ಬಿಡ್ತಾರಾ? ಜನ್ಮದಲ್ಲಿ ಇಲ್ಲ. ಅಲ್ಲಿಗೆ ಮಾತು ಮುರೀತು."

ಹೇಳಿದರೆ ಅತ್ತೆಯ ಆಣೆ, ಹೇಳದಿದ್ದರೆ ಅತ್ತೆಯ ಕಣ್ಣು. ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಅಲ್ಲಿಂದ ಅತ್ತೆ ಹೊತ್ತು ಕಳೆಯಲು ಶುರು ಮಾಡಿದರು. ಬುತ್ತಿ ಬಿಚ್ಚಿ ನಿಧಾನವಾಗಿ ಉಂಡರು. ಉಂಡಮೇಲೆ ಎಲೆಯಡಿಕೆ. ಆಮೇಲೆ ಬಸದಿ ನೋಡಬೇಕು ಅಂದರು. ಬಸದಿಯೊಳಗಿನ ಕಂಬಗಳನ್ನು ಎಷ್ಟು ನಯವಾಗಿ ತಿಕ್ಕಿದ್ದಾರೆ ಅಂದರೆ ಕನ್ನಡಿಯಲ್ಲಿ ಕಂಡಹಾಗೆ ನಮ್ಮ ನೆರಳು ಅದರಲ್ಲಿ ಕಾಣುತ್ತದೆ. ಮಾವನವರು ಕೊಡೆ ಬಿಚ್ಚಿಕೊಂಡೇ ಒಳಗೆ ಬಂದವರು ಗಕ್ಕನೆ ನಿಂತು, ಪಿಸುಗುಟ್ಟಿದರು.

"ಆಚೆ ಹೋಗೋಣ ಬನ್ನಿ. ಅಲ್ಲಿ ಕತ್ತಲೇಲಿ ಯಾವನೋ ಒಬ್ಬ ನಿಂತಿದಾನೆ. ಮಫ್ಲರು ಸುತ್ಕೊಂಡು, ಕೊಡೆ ಹಿಡ್ಕೊಂಡು, ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಿದಾನೆ!"

ಅತ್ತೆ ಕಂಬದ ಹತ್ತಿರ ಹೋಗಿ, ಮೂಗು ಅದಕ್ಕೆ ಹಚ್ಚಿ ನೋಡಿದರು. ವಾಪಸ್ಸು ಬಂದು ಕೇಳಿದರು.

"ಅಲ್ರೀ, ಪೊರೆ ಬಂದಿರೋದು ನನ್ನ ಕಣ್ಣಿಗಾ, ನಿಮ್ಮ ಕಣ್ಣಿಗಾ?"

ಏನೂಂದ್ರೆ

"ಇನ್ನು ಬೇಲೂರು" ಅಂದರು ಮಾವನವರು. ಅವರಿಗೆ ಅವಸರ. ಬೇಲೂರು ತೋರಿಸಿದರೆ ಹೆಂಡತಿ ಕಣ್ಣು ಉಳಿಯುತ್ತೆ ಅಂತ ಬೆಳಗಿನಿಂದ ಅಷ್ಟೆಲ್ಲ ಹೆದರಿಕೆ ನುಂಗಿಕೊಂಡು ಬಂದಿದ್ದರು. ಅತ್ತೆ ಮುಖ ಸಣ್ಣಗೆ ಮಾಡಿದರು.

"ಕಾರ್ತೀಕ ಸೋಮವಾರ. ಇಲ್ಲೇ ಪುಷ್ಪಗಿರಿ ಗುಡ್ಡದ ಮೇಲೆ ಶಿವ ಇದಾನೆ. ಅವನಿಗೊಂದು ದೀಪ ಹಚ್ಚದೆ ಹೋದ್ರೆ ಆಪರೇಷನ್ ಏನಾಗುತ್ತೋ, ನಾನು ಹೇಳಲಾರೆ."

ಗುಡ್ಡದ ಕಡೆ ತಿರುಗಿಸು ಅಂತ ಮಾವನವರೇ ಡ್ರೈವರಿಗೆ ಹೇಳಿದರು. ಮೋಟಾರು ಗುಡ್ಡದ ಬುಡದಲ್ಲಿ ನಿಂತಿತು. ಬೆಂಕಿ ಆರಿಸಬೇಡ, ಬೇಗ ಬರ್ತೀವಿ ಅಂತ ಅವನಿಗೆ ಹೇಳಿ ಮೇಲೆ ಹತ್ತಿದೆವು. ದೀಪ ಹಚ್ಚಲು ಸುತ್ತಲ ಹಳ್ಳಿಗಳಿಂದ ಒಂದಿಷ್ಟು ಗಂಡಹೆಂಡಿರು ಬಂದಿದ್ದರು. ಇಳಿದು ಬರುತ್ತಿದ್ದ ದನ ಕಾಯುವವನೊಬ್ಬ, "ಹೊತ್ತು ಮುಳುಗೋದ್ರೊಳಗೆ ಇಳುದ್ಬುಡಿ. ಚಿರತೆ ಅಡ್ಡಾಡ್ತೈತೆ. ಮೊನ್ನೆ ಕುರಿ ಹೊತ್ಕಂಡೋಯ್ತು" ಅಂದು ಹೋದ. ಮಾವನವರು ಮಫ್ಲರು ಇನ್ನೂ ಒಂದು ಸುತ್ತು ಬಿಗಿ ಮಾಡಿದರು.

ದೀಪ ಹಚ್ಚಿಯಾಯಿತು. ಮಾವನವರು ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿ ಬರುತ್ತೇನೆ ಅಂತ ಹೋದರು. ಅಷ್ಟರಲ್ಲಿ ಮಂಜು ಇಳಿಯಿತು. ಅಂಥ ಮಂಜು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕಣ್ಣು ಮಿಟುಕಿಸುವುದರಲ್ಲಿ ಗುಡಿ ಇಲ್ಲ, ಗುಡ್ಡ ಇಲ್ಲ, ಚಾಚಿದ ನನ್ನ ಕೈಯೇ ನನಗೆ ಇಲ್ಲ. ಪಕ್ಕದಲ್ಲಿದ್ದ ನಮ್ಮವರ ದನಿ ಮಾತ್ರ ಕೇಳಿಸುತ್ತಿತ್ತು. ಅತ್ತೆ ನನ್ನ ಸೆರಗು ಹಿಡಿದುಕೊಂಡರು. ಒಂದು ಹೆಜ್ಜೆ ತಪ್ಪಿದರೆ ಬಂಡೆಯ ಕೆಳಗೆ. ಮಾವನವರು ಇನ್ನೂ ಬಂದಿರಲಿಲ್ಲ.

"ಏನೂಂದ್ರೆ!" ಅಂತ ಅತ್ತೆ ಕೂಗಿದರು. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತೆ ಅಂತ. ಹೆಂಡತಿಯಾದವಳು ಕರೆಯುವುದಿದ್ದರೆ "ಏನೂಂದ್ರೆ" ಅಷ್ಟೇ. ಆ ಗುಡ್ಡದ ಮೇಲಿದ್ದ ಎಲ್ಲ ಹೆಂಗಸರೂ ಹಾಗೇ ಕರೆಯುವವರೇ.

ಮಂಜಿನ ನಾಲ್ಕೂ ಕಡೆಯಿಂದ ಉತ್ತರ ಬಂತು.

"ಏನೇ?"

"ಇಲ್ಲಿದೀನಿ ಕಣೇ!"

"ಬಂದೆ, ಕೂಗ್ಬ್ಯಾಡ!"

ತಡವರಿಸಿಕೊಂಡು ಯಾರು ಯಾರೋ ಬಂದರು. ಹತ್ತಿರ ಬಂದು ಮುಖ ನೋಡಿ, "ಅಯ್ಯೋ, ನಮ್ಮೋಳಲ್ಲ" ಅಂತ ಮತ್ತೆ ಮಂಜಿಗೆ ಸೇರಿಕೊಂಡರು. ಒಬ್ಬ ಮುದುಕರು ಮುಖವನ್ನೂ ನೋಡದೆ ಅತ್ತೆಯ ಕೈ ಹಿಡಿದು, "ಚಳೀಲಿ ಯಾಕೆ ನಿಂತಿದೀಯೆ, ನಡಿ ಮನೆಗೆ" ಅಂತ ಎಳೆದುಕೊಂಡೇ ಹೊರಟರು. ಬಿಡಿಸಿಕೊಳ್ಳುವುದೇ ಒಂದು ಕಷ್ಟವಾಯಿತು. ನಮ್ಮವರು "ಅಪ್ಪಾ!" ಅಂತ ಕೂಗಿದರು. ಅದಕ್ಕೂ ಮೂರು ಜನ "ಏನ್ಲಾ?" ಅಂದರು. ಹೆತ್ತ ತಂದೆಯ ಹೆಸರು ಹಿಡಿದು ಮಗ ಕೂಗುವಂತಿಲ್ಲ, ನಾನಂತೂ ಬಾಯಿ ತೆರೆಯುವಂತೆಯೇ ಇಲ್ಲ.

ಆಗ ಕೇಳಿಸಿತು. ಘರಕ್. ಘರಕ್. ಘರಕ್.

ಎಲ್ಲ ದನಿಗಳೂ ನಿಂತುಹೋದವು. ಮಂಜಿನಲ್ಲಿ ಯಾರೋ, "ಚಿರತೆ! ಹಂಗೇ ಕೂಗೋದು ಅದು, ಗರಗಸ ಎಳ್ದಂಗೆ" ಅಂದರು. ಒಬ್ಬ ಹೆಂಗಸು ಅಳಲು ಶುರುಮಾಡಿದಳು. ಸದ್ದು ಯಾವ ಕಡೆಯಿಂದ ಅಂತಲೂ ತಿಳಿಯುತ್ತಿರಲಿಲ್ಲ. ನಿಂತರೆ ಇಲ್ಲೇ ಹಿಡಿಯುತ್ತೆ, ಓಡಿದರೆ ಬಂಡೆಯಿಂದ ಬೀಳುತ್ತೀವಿ. ಸೆರಗು ಹಿಡಿದಿದ್ದ ಅತ್ತೆಯ ಕೈ ಬಿಟ್ಟುಹೋಯಿತು.

"ಅತ್ತೆ! ಎಲ್ಲಿಗೆ?"

"ಅವರೊಬ್ಬರೇ ಇದಾರೆ ಕಣೇ ಅಲ್ಲಿ" ಅಂದರು ಅತ್ತೆ. ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ. "ಹಲ್ಲಿಗೆ ಹೆದರೋ ಮನುಷ್ಯ. ಒಬ್ಬರೇ ಇದಾರೆ."

ಆಮೇಲೆ ಗುಡ್ಡ ನಡುಗುವ ಹಾಗೆ ಮಾವನವರ ಹೆಸರು ಹಿಡಿದು ಕೂಗಿಬಿಟ್ಟರು. ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಯಾವ ಹೆಸರು ಅಂತ ನನ್ನನ್ನು ಕೇಳಬೇಡಿ, ನಾನು ಸೊಸೆ. ಎರಡೂ ಕಿವಿ ಮುಚ್ಚಿಕೊಂಡೆ, ಆದರೂ ಕೇಳಿಸಿತು.

ಆಮೇಲೆ ಹತ್ತಿರದಲ್ಲೇ, ಮಂಜಿನೊಳಗಿನಿಂದ, ನಡುಗುವ ದನಿಯೊಂದು ಬಂತು.

"ನಾಳೆ ಬಾ!"

ಅತ್ತೆ ಮತ್ತೆ ಕೂಗಿದರು.

"ನಾಳೆ ಬಾ, ನನ್ನ ತಾಯೀ! ನಾಳೆ ಬಾ!"

ಹೆಸರು ಹಿಡಿದು ಕರೆಯುವ ಹೆಂಗಸು ಈ ಲೋಕದಲ್ಲಿ ಅವರಿಗೆ ಯಾರೂ ಇರಲಿಲ್ಲ. ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಕರೆದದ್ದು ಮೋಹಿನಿಯೇ ಅಂತ ಅವರಿಗೆ ಖಾತ್ರಿಯಾಗಿಬಿಟ್ಟಿತ್ತು. ದನಿ ಹಿಡಿದುಕೊಂಡು ತಡಕುತ್ತಾ ಹೋದರೆ, ಗುಡಿಯ ಹಿಂದಿನ ಕಲ್ಲಿನ ಮಂಟಪದಲ್ಲಿ, ಬಿಚ್ಚಿದ ಕೊಡೆಯ ಹಿಂದೆ ಮುದುರಿ ಕೂತಿದ್ದಾರೆ.

"ನಾನು ಕಣ್ರೀ!" ಅಂದರು ಅತ್ತೆ.

"ಸುಳ್ಳು! ನನ್ನ ಹೆಂಡತಿ ಹೆಸರು ಹಿಡಿದು ಕರೆಯೋಳಲ್ಲ. ಅವಳು ಮರ್ಯಾದಸ್ಥೆ. ಹೋಗು!"

ಅತ್ತೆಗೆ ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ಉಕ್ಕಿತು. "ನಿಮ್ಮ ಮುಖಕ್ಕಿಷ್ಟು! ಚಿರತೆ ಬಾಯಿಗೆ ಬಿದ್ರೇನೋ ಅಂತ ನನ್ನ ಜೀವ ಬಾಯಿಗೆ ಬಂದಿದೆ. ಇಲ್ಲಿ ಕೊಡೆ ಬಿಚ್ಕೊಂಡು ಕೂತಿದೀರಾ? ಬೆಳಗ್ಗಿಂದ ಕೊಡ ತಬ್ಬಿಕೊಂಡು, ಕಂಬಕ್ಕೆ ಹೆದರಿ, ಮಾನ ಕಳೆದದ್ದು ಸಾಲದಾ? ಏಳ್ರೀ ಮೇಲೆ!"

ಕೊಡೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಮಾವನವರ ಮುಖದಲ್ಲಿ ಜೀವ ಬಂತು.

"ಬೈಗುಳ ಅವಳದೇ" ಅಂದರು. "ಹಾಗಾದ್ರೆ ನೀನೇ."

ಮಂಜಿನ ಆಚೆ

ಮಂಜು ಸ್ವಲ್ಪ ತೆಳುವಾದಾಗ ಒಬ್ಬರ ಕೈ ಒಬ್ಬರು ಹಿಡಿದು ಇಳಿದೆವು. ಕೆಳಗೆ ಬಂದರೆ ನಮ್ಮ ಡ್ರೈವರು ಪೀಪಾಯಿಯ ಹಿಡಿ ತಿರುಗಿಸುತ್ತಾ ನಿಂತಿದ್ದ. ಘರಕ್, ಘರಕ್. "ಬೇಗ ಬತ್ತೀವಿ ಅಂದಿದ್ರಲ್ಲ, ಅದ್ಕೇ ಬೆಂಕಿ ಎಬ್ಬುಸ್ತಿದ್ದೆ" ಅಂದ. ಆ ಚಿರತೆಯ ಬೆನ್ನಿಗೆ ಒಂದು ಗುದ್ದಬೇಕು ಅನ್ನಿಸಿತು ನನಗೆ.

ಬೇಲೂರು ತಪ್ಪಿತು. ಮೋಟಾರು ಅರಸೀಕೆರೆ ಕಡೆ ತಿರುಗಿತು. ಕೊಡ ಖಾಲಿಯಾಗಿ ಮಾವನವರ ಕಾಲ ಬಳಿ ಉರುಳಾಡುತ್ತಿತ್ತು, ಅವರು ಹಿಂದಿನ ಬೆಂಕಿಯನ್ನೂ ನೋಡಲಿಲ್ಲ. "ಎರಡೂ ತೋರಿಸ್ತೀನಿ ಅಂದಿದ್ದೆ. ಆಗಲಿಲ್ಲ. ನನ್ನ ಹಣೆಬರಹ" ಅಂತ ಒಂದೇ ಸಲ ಹೇಳಿ, ಮಫ್ಲರಿನಲ್ಲಿ ಕಣ್ಣು ಒರೆಸಿಕೊಂಡರು. ಅತ್ತೆ ಗೆದ್ದಿದ್ದರು. ನಾನು ಅವರ ಬೆನ್ನು ನೋಡುತ್ತಾ ಕೂತೆ. ನನಗೂ ಅಳು ಬಂತು.

ಜಾವಗಲ್ ದಾಟಿದ ಮೇಲೆ ಅತ್ತೆ ಹಿಂದೆ ತಿರುಗದೆಯೇ ಮಾತಾಡಿದರು.

"ಮಂಜಿನಲ್ಲಿ ನೀವೆಲ್ಲ ಕುರುಡರ ಹಾಗೆ ತಡವರಿಸಿದ್ರಲ್ಲ, ನಾನು ದಿನಾ ಇರೋದು ಹಾಗೇ. ಇಷ್ಟು ದಿನ ಹೇಗೋ ಇತ್ತು. ಇವತ್ತು ನೀವು ಎಲ್ಲಿದೀರಿ ಅಂತ ಕಾಣದೆ ನಿಂತಿದ್ದೆನಲ್ಲ, ಅದು ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ. ಕತ್ತಿ ಅದಕ್ಕಿಂತ ವಾಸಿ. ಬೇಲೂರು ಆಮೇಲೆ ನೋಡೋಣ, ಹೊಸ ಕಣ್ಣಲ್ಲಿ."

ನೀವು ಹೆದರಬೇಡಿ, ಮೊದಲೇ ಹೇಳಿಬಿಡುತ್ತೇನೆ, ಕಣ್ಣು ಬಂತು. ಬೇಲೂರೂ ಆಯಿತು. ಅಲ್ಲಿ ಕನ್ನಡಿ ಹಿಡಿದು ನಿಂತ ಹೆಂಗಸಿನ ವಿಗ್ರಹ ನೋಡಿ ಅತ್ತೆ, "ಇವಳ ಮೂಗುತಿ ಎಲ್ಲಿ?" ಅಂತ ಕೇಳುವಷ್ಟು ಚೆನ್ನಾಗಿ ಕಂಡಿತು. ಆದರೆ ನಾನು ಹೇಳಬೇಕಾದ್ದು ಅದಕ್ಕೆ ಮೊದಲಿನದು, ಬೆಂಗಳೂರಿನ ಆಸ್ಪತ್ರೆಯದು.

ಆಪರೇಷನ್ ಆದ ದಿನ ಸಂಜೆ. ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿ, ತಲೆ ಅಲುಗದಂತೆ ಎರಡೂ ಕಡೆ ಮರಳುಚೀಲ ಇಟ್ಟು ಅತ್ತೆಯನ್ನು ಮಲಗಿಸಿದ್ದರು. ಅಲ್ಲಾಡಿದರೆ ಕಣ್ಣು ಹೋಗುತ್ತೆ ಅಂತ ಡಾಕ್ಟರು ಹೇಳಿದ್ದರು. ಸಾಲು ಮಂಚಗಳು, ಎಲ್ಲವುಗಳ ಮೇಲೂ ಕಣ್ಣು ಕಟ್ಟಿಸಿಕೊಂಡ ಹೆಂಗಸರು, ನೋಡಲು ಬಂದ ಗಂಡಂದಿರು. ಮಾವನವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು, ಉಸಿರಾಡಿದರೆ ಅತ್ತೆ ಅಲುಗಿಬಿಟ್ಟಾರು ಅಂತ ಉಸಿರು ಬಿಗಿಹಿಡಿದು. ಅತ್ತೆಗೆ ಎಚ್ಚರವಾಯಿತು. ಬರೀ ಕತ್ತಲೆ. ಹೆದರಿ, ಮಂಚದ ಪಕ್ಕ ಕೈ ಆಡಿಸಿದರು.

"ಏನೂಂದ್ರೆ..."

"ಏನೇ?" ಅಂದರು ಎದುರು ಮಂಚದವರು.

"ನೀರು ಬೇಕೇನೇ?" ಅಂದರು ಪಕ್ಕದವರು.

"ಇಲ್ಲೇ ಇದೀನಲ್ಲೇ!" ಅಂತ ಬಾಗಿಲ ಹತ್ತಿರದಿಂದ ಇನ್ನೊಬ್ಬರು ಎದ್ದು ಓಡಿಬಂದರು.

ಅತ್ತೆಯ ಕೈ ಹಾಗೇ ನಿಂತಿತು. ತುಟಿಯ ಕೊನೆಯಲ್ಲಿ ನಗು ಬಂತು. ಆಮೇಲೆ, ಮೆಲ್ಲಗೆ, ವಾರ್ಡಿನಲ್ಲಿ ಬೇರೆ ಯಾರೂ ಓಗೊಡದಂಥ ಆ ಹೆಸರನ್ನು ಹೇಳಿದರು. ನಾನು ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ.

ಮಾವನವರು ಎರಡನೇ ಕರೆಗೆ ಕಾಯಲಿಲ್ಲ. ಗಾಳಿಯಲ್ಲಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು.

"ನಾಳೆ ಅಲ್ಲ ಕಣೇ, ಇವತ್ತೇ ಬಂದಿದೀನಿ."